ಓದುಗರ ಪ್ರಶ್ನೆಗೆ ಉತ್ತರ: ಬೆಟ್ಟದ ಮೇಲಿನ ದ್ರಾಕ್ಷಿ, ಕೆಂಪು ವೈನ್

ಪ್ರಶ್ನೆ: ವಿದೇಶದಲ್ಲಿರುವ ನಮ್ಮ ಅಳಿಯಂದಿರು ಅರ್ಜೆಂಟೀನಾದ ಮೆಂಡೋಜ ಪ್ರಾಂತ್ಯದ ಒಂದು ಬಾಟಲಿ ಕೆಂಪು ವೈನ್ ತಂದುಕೊಟ್ಟಿದ್ದಾರೆ. ಅದರ ಮೇಲೆ ‘ಮಾಲ್ಬೆಕ್’ ಎಂಬ ತಳಿಯ ಹೆಸರಿನೊಂದಿಗೆ, ತೋಟವು ಸಮುದ್ರಮಟ್ಟದಿಂದ 1,100 ಮೀಟರ್ ಎತ್ತರದಲ್ಲಿದೆ ಎಂದೂ ಅಚ್ಚಾಗಿದೆ. ಎತ್ತರಕ್ಕೂ ರುಚಿಗೂ ಏನು ಸಂಬಂಧ? ನಮ್ಮ ಬೇಸಿಗೆಯಲ್ಲಿ ಅದನ್ನು ಹೇಗೆ ಇಡಬೇಕು?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೆಂಡೋಜ ನಗರವು ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ ಎತ್ತರದಲ್ಲಿದೆ, ಅಂದರೆ ಸುಮಾರು 750 ಮೀಟರ್. ಅಲ್ಲಿಂದ ಆಂಡಿಸ್ ಪರ್ವತದ ಕಡೆಗೆ ನೆಲ ಏರುತ್ತಾ ಹೋಗುತ್ತದೆ. ನಗರದ ದಕ್ಷಿಣಕ್ಕಿರುವ ಊಕೊ ಕಣಿವೆಯಲ್ಲಿ 900 ಮೀಟರಿನಿಂದ 1,500 ಮೀಟರಿನ ಆಚೆಗೂ ದ್ರಾಕ್ಷಿ ಬೆಳೆಯುತ್ತಾರೆ; ಉತ್ತರದ ಸಾಲ್ಟಾ ಪ್ರಾಂತ್ಯದಲ್ಲಿ 3,000 ಮೀಟರ್ ದಾಟಿದ ತೋಟವೂ ಇದೆ.

ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಹಗಲು ಬಿಸಿಲು ಚುರುಕಾಗಿದ್ದರೂ ರಾತ್ರಿ ಒಣಗಾಳಿಯ ಆ ನೆಲ ಬೇಗ ತಣ್ಣಗಾಗುವುದರಿಂದ, ಕಾಯಿ ಹಗಲಿನಲ್ಲಿ ಕೂಡಿಸಿಕೊಂಡ ಸಕ್ಕರೆಯನ್ನೂ ತನ್ನೊಳಗಿನ ಹುಳಿಯನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತದೆ. ರಾತ್ರಿಯೂ ಸೆಕೆಯಾಗಿರುವ ಕಡೆ ಈ ಹುಳಿ ಉಸಿರಾಟದಲ್ಲಿಯೇ ಸವೆದುಹೋಗಿ, ಹಣ್ಣು ಸಿಹಿಯಾದರೂ ವೈನ್ ಸಪ್ಪೆಯಾಗುತ್ತದೆ. ಒಳ್ಳೆಯ ಕೆಂಪು ವೈನಿನ ಜೀವಾಳ ಈ ಹುಳಿಯೇ ಎಂಬುದು ನನ್ನ ದೃಢ ಅಭಿಪ್ರಾಯ.

ಈ ತಳಿ ಹುಟ್ಟಾ ಅರ್ಜೆಂಟೀನಾದ್ದಲ್ಲ, ನೈರುತ್ಯ ಫ್ರಾನ್ಸಿನ ಕಹೋರ್ ಸೀಮೆಯದು. 1853ರಲ್ಲಿ ಮೆಂಡೋಜದಲ್ಲಿ ಕೃಷಿಶಾಲೆ ತೆರೆಯುವ ತೀರ್ಮಾನವಾದಾಗ ಅದರ ಹೊಣೆ ಹೊತ್ತ ಫ್ರೆಂಚ್ ಸಸ್ಯತಜ್ಞ ಮಿಷೆಲ್ ಎಮೆ ಪುಜೆ ಅವರು ಇದರ ಸಸಿಗಳನ್ನು ತಂದರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ಆಂಡಿಸ್‌ನ ಹಿಮ ಕರಗಿ ಕಾಲುವೆಗಳಲ್ಲಿ ಹರಿದುಬರುವ ನೀರೇ ತೋಟಕ್ಕೆ ಆಧಾರ. ಆದರೆ ಆಲಿಕಲ್ಲಿನ ಭಯ ಮಾತ್ರ ತಪ್ಪಿದ್ದಲ್ಲ, ಅದಕ್ಕಾಗಿ ಹಲವು ತೋಟಗಳಲ್ಲಿ ಸಾಲುಸಾಲಿಗೂ ಬಲೆ ಹೊದಿಸಿರುತ್ತಾರೆ.

ಬಾಟಲಿಯನ್ನು ಅಡುಗೆಮನೆಯಲ್ಲಾಗಲಿ ಫ್ರಿಜ್ಜಿನ ನೆತ್ತಿಯ ಮೇಲಾಗಲಿ ಇಡಬೇಡಿ. ಬಿರಡೆ ಕಾರ್ಕಿನದಾಗಿದ್ದರೆ, ಅದು ಒಣಗದಂತೆ ಬಾಟಲಿಯನ್ನು ಮಲಗಿಸಿ, ಬೆಳಕು ಬೀಳದ ತಂಪು ಜಾಗದಲ್ಲಿಡಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳಲ್ಲಿ ಹುಟ್ಟಿದ್ದು. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಬಡಿಸುವ ಮೊದಲು ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಯ ಆಸುಪಾಸಿಗೆ ತರುವುದೇ ಸರಿ.

ಪ್ರಶ್ನೆ: ಎತ್ತರದ ತೋಟಗಳ ವೈನ್ ಬಲು ಗಾಢ ಬಣ್ಣದ್ದೆಂದು ಕೇಳಿದ್ದೇನೆ. ಬಣ್ಣ ಹೆಚ್ಚಿದಷ್ಟೂ ಗುಣ ಹೆಚ್ಚೇ?
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಕಪ್ಪು ದ್ರಾಕ್ಷಿಯ ಒಂದು ಹಣ್ಣನ್ನು ಬೆರಳುಗಳ ನಡುವೆ ಮೆಲ್ಲಗೆ ಅದುಮಿ ನೋಡಿ. ಹೊರಬರುವ ತಿರುಳು ಮಾಸಲು ಹಸಿರಾಗಿರುತ್ತದೆ, ರಸಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲ. ಅದೇ ಸಿಪ್ಪೆಯನ್ನು ಬಿಳಿ ಬಟ್ಟೆಯ ಮೇಲೆ ಉಜ್ಜಿದರೆ ನೇರಳೆ ಕಲೆ ನಿಲ್ಲುತ್ತದೆ. ಕೆಂಪು ವೈನಿನ ಬಣ್ಣವೂ ಒಗರೂ ಬಹುಪಾಲು ಆ ಸಿಪ್ಪೆಯಿಂದಲೇ ಬರುತ್ತವೆ. ಆದ್ದರಿಂದಲೇ ರಸವನ್ನು ಸಿಪ್ಪೆಯೊಂದಿಗೆ ಹಲವು ದಿನ ಹುದುಗಲು ಬಿಡುತ್ತಾರೆ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಹಣ್ಣು ತನ್ನ ರಕ್ಷಣೆಗೆಂದು ಸಿಪ್ಪೆಯನ್ನು ದಪ್ಪವಾಗಿಸಿಕೊಂಡು ಬಣ್ಣ ತುಂಬಿಕೊಳ್ಳುತ್ತದೆ.

ಆದರೆ ಬಣ್ಣವೇ ಗುಣವಲ್ಲ. ಬ್ಯಾಡಗಿ ಕಾಯಿಗೆ ಕಡುಗೆಂಪು ಬಣ್ಣವಿದ್ದರೂ ಖಾರ ಕಡಿಮೆಯೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಫ್ರಾನ್ಸಿನ ಬರ್ಗಂಡಿ ಸೀಮೆಯ ಪಿನೋ ನುವಾ ತಳಿಯ ವೈನ್ ತೆಳುಗೆಂಪಾಗಿದ್ದರೂ ಲೋಕದ ಅತಿ ದುಬಾರಿ ವೈನ್‌ಗಳಲ್ಲಿ ಸೇರಿದೆ.

ಪ್ರಶ್ನೆ: ನಮ್ಮದು ಮಸಾರಿ ಹೊಲ, ಸ್ವಲ್ಪ ಎತ್ತರದಲ್ಲಿದೆ. ಇಂಥ ದ್ರಾಕ್ಷಿ ಇಲ್ಲಿ ಬರುವುದೇ?
– ರೈತರು, ಮುಂಡರಗಿ ತಾಲೂಕು

ಉತ್ತರ: ಬಳ್ಳಿ ಬರುತ್ತದೆ, ಮಸಾರಿಯಲ್ಲಿ ನೀರು ನಿಲ್ಲದಿರುವುದರಿಂದ ಎರೆ ಹೊಲಕ್ಕಿಂತ ಅದೇ ಮೇಲು. ತೊಡಕಿರುವುದು ಹಂಗಾಮಿನಲ್ಲಿ. ಮೆಂಡೋಜದ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ವಿಜಯಪುರದ ಬೆಳೆಗಾರರಂತೆ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟನಿ (ಬಳ್ಳಿಯ ಕವಲು ಕತ್ತರಿಸುವುದು) ಮಾಡಲೇಬೇಕು. ಮೆಂಡೋಜದಲ್ಲಿ ಹಣ್ಣು ಮಾಗುವಾಗ ಶರತ್ಕಾಲ ಹತ್ತಿರವಾಗಿ ರಾತ್ರಿಗಳು ದಿನೇದಿನೇ ತಣ್ಣಗಾಗುತ್ತವೆ; ಇಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ಮಾಗುವ ಹಣ್ಣಿಗೆ ರಾತ್ರಿಗಳು ದಿನೇದಿನೇ ಬೆಚ್ಚಗಾಗುತ್ತವೆ. ನೂರಿನ್ನೂರು ಮೀಟರ್ ಎತ್ತರ ಈ ವ್ಯತ್ಯಾಸವನ್ನು ತುಂಬಿಕೊಡಲಾರದು. ಸಸಿ ತರುವ ಮೊದಲು ಒಂದು ವರ್ಷ, ಜನವರಿಯಿಂದ ಮಾರ್ಚ್‌ವರೆಗೆ ಹೊಲದಲ್ಲಿಯೇ ಉಷ್ಣಮಾಪಕವಿಟ್ಟು ರಾತ್ರಿಯ ಕನಿಷ್ಠ ಉಷ್ಣತೆಯನ್ನು ಬರೆದಿಡಿ. ಆ ಲೆಕ್ಕವನ್ನೂ ಮಣ್ಣಿನ ಮಾದರಿಯನ್ನೂ ತೆಗೆದುಕೊಂಡು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕಾಣಿರಿ.