ಬದುಕಿರೋ ಗೆಳೆಯನ ಬಗ್ಗೆ 'ಇದ್ದ' ಅಂತಿದ್ದ ಹುಡುಗ

ಇಬ್ಬರ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ. ಕೌನ್ಸೆಲಿಂಗ್‌ಗೆ ಬಂದವನದ್ದೂ, ಅವನು ಯಾರ ಬಗ್ಗೆ ಮಾತಾಡೋಕೆ ಬಂದಿದ್ನೋ ಆ ಗೆಳೆಯನದ್ದೂ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಬಂದಿದ್ದು ನಿದ್ದೆ ಬರಲ್ಲ ಅಂತ. ಇಪ್ಪತ್ತಮೂರರ ಹುಡುಗ, ಐಸ್ ಹಾಕಿ ಆಡ್ತಾನೆ, ಗಟ್ಟಿಮುಟ್ಟಾಗಿದಾನೆ, ಕುರ್ಚಿ ತುದೀಲಿ ಕೂತು ಮಂಡಿ ಅಲ್ಲಾಡಿಸ್ತಾ ನಿದ್ದೆ ವಿಷಯ ಎರಡು ನಿಮಿಷದಲ್ಲಿ ಮುಗಿಸಿ ಆಮೇಲೆ ಇಡೀ ಸೆಷನ್ ಟೀಮಿನ ಒಬ್ಬ ಗೆಳೆಯನ ಬಗ್ಗೆನೇ ಮಾತಾಡಿದ. ಎಂಥ ಸ್ಪೀಡ್ ಇತ್ತು ಮೇಡಂ ಅವನಿಗೆ, ಡ್ರೆಸ್ಸಿಂಗ್ ರೂಮಲ್ಲಿ ಎಲ್ಲರನ್ನೂ ನಗಿಸ್ತಿದ್ದ, ಸೋತ್ರೆ ಒಂದು ಗಂಟೆ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ, ನನ್ನ ಬೆಸ್ಟ್ ಫ್ರೆಂಡ್ ಆಗಿದ್ದ. ಪ್ರತಿ ವರ್ಷ ಆ ತಾರೀಖಿಗೆ ಮ್ಯಾಚ್ ಶುರುವಾಗೋ ಮುಂಚೆ ಅವನ ಜೆರ್ಸಿ ಹಿಡ್ಕೊಂಡು ಟೀಮ್ ಎಲ್ಲಾ ಒಂದು ನಿಮಿಷ ಸುಮ್ಮನೆ ನಿಲ್ತಾರಂತೆ. ನಾನು ಸಹಜವಾಗಿ ಕೇಳಿದೆ, ಅವರು ತೀರಿಕೊಂಡು ಎಷ್ಟು ವರ್ಷ ಆಯ್ತು ಅಂತ.

ಅಲ್ಲಾಡ್ತಿದ್ದ ಮಂಡಿ ನಿಂತುಹೋಯ್ತು. "ತೀರಿಕೊಂಡಿಲ್ಲ ಮೇಡಂ. ಇದಾನೆ. ಮನೇಲಿದಾನೆ" ಅಂದ.

ಆಮೇಲೆ ಗೊತ್ತಾಯ್ತು, ನಾಲ್ಕು ವರ್ಷದಿಂದ ಇವನು ಆ ಮನೆ ಬಾಗಿಲಿಗೆ ಹೋಗಿಲ್ಲ.

ಆಗಿದ್ದು ಇಷ್ಟು. ಇವನು ಕೊಟ್ಟ ಪಾಸ್ ಒಂಚೂರು ಹಿಂದಕ್ಕೆ ಬಂತು, ಪಕ್ (ಐಸ್ ಹಾಕೀಲಿ ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಮೂಲೆ ಕಡೆ ಜಾರಿತು, ಗೆಳೆಯ ಅದನ್ನ ನೋಡೋಕೆ ತಲೆ ಬಗ್ಗಿಸ್ಕೊಂಡು ಹೋದ, ಹಿಂದಿಂದ ಎದುರಾಳಿಯ ಭುಜ ತಾಗಿತು, ನೆತ್ತಿ ನೇರ ಐಸ್ ಅಂಗಳದ ಸುತ್ತ ಇರೋ ಗಟ್ಟಿ ತಡೆಗೋಡೆಗೆ, ಅಂದ್ರೆ ಬೋರ್ಡ್‌ಗೆ ಹೊಡೀತು. ನಮ್ಮ ಕತ್ತು ಸಾಮಾನ್ಯವಾಗಿ ಸ್ವಲ್ಪ ಹಿಂದಕ್ಕೆ ಬಾಗಿದ ಕಮಾನಿನ ಥರ ಇರುತ್ತೆ, ಆ ಬಾಗಿಂದಾನೇ ಪೆಟ್ಟು ತಡ್ಕೊಳ್ಳೋದು. ತಲೆ ಬಗ್ಗಿಸಿದ ತಕ್ಷಣ ಕಮಾನು ನೇರ ಕಂಬ ಆಗಿಬಿಡುತ್ತೆ, ಹಿಂದಿಂದ ಬರ್ತಿರೋ ಮೈಭಾರ ಎಲ್ಲಾ ಆ ಕಂಬದ ಮೇಲೇ ಬೀಳುತ್ತೆ, ಮೂಳೆ ಒಡೆಯುತ್ತೆ, ಚೂರು ಒಳಗಿರೋ ನರದ ಹುರಿಗೆ ಒತ್ತುತ್ತೆ. ಬೋರ್ಡ್ ಹತ್ರ ಹೋಗುವಾಗ ತಲೆ ಎತ್ತಿ ಅಂತ ಕೋಚ್‌ಗಳು ಕೂಗೋದು, ಹಿಂದಿಂದ ತಳ್ಳಿದ್ರೆ ಪೆನಾಲ್ಟಿ ಕೊಡೋದು ಎಲ್ಲಾ ಇದಕ್ಕೇ. ಗೆಳೆಯನಿಗೆ ಕತ್ತಿನ ಐದನೇ ಮೂಳೆ ಮಟ್ಟದಲ್ಲಿ ಹುರಿಗೆ ಪೆಟ್ಟು. ಭುಜ ಎತ್ತಬಲ್ಲ, ಮೊಣಕೈ ಮಡಚಬಲ್ಲ, ಆದ್ರೆ ಮಡಚಿದ ಕೈಯನ್ನ ತಾನಾಗಿ ಚಾಚೋಕಾಗಲ್ಲ, ಬೆರಳು ಮಡಚೋಕಾಗಲ್ಲ, ಎದೆಯಿಂದ ಕೆಳಗೆ ಏನೂ ಗೊತ್ತಾಗಲ್ಲ. ಆಗ ಅವನಿಗೆ ಹತ್ತೊಂಬತ್ತು.

ಆಸ್ಪತ್ರೆಗೆ ಇವನು ಎರಡು ಸಲ ಹೋಗಿದ್ದ. ಎರಡನೇ ಸಲ ಗೆಳೆಯ ನಿದ್ದೇಲಿದ್ದ, ತಲೆ ಅಲ್ಲಾಡಬಾರದು ಅಂತ ಸುತ್ತ ಕಬ್ಬಿಣದ ಬಳೆ ಥರದ್ದು ಕೂರಿಸಿದ್ರು, ಅದರ ಸ್ಕ್ರೂ ಹಣೆಗೇ ಇಳಿದಿತ್ತು. ಅದನ್ನ ನೋಡಿ ವಾಪಸ್ ಬಂದವನು ಮತ್ತೆ ಹೋಗ್ಲಿಲ್ಲ. ಮೊದಲ ತಿಂಗಳು ಪರೀಕ್ಷೆ ಅಂತ, ಆಮೇಲೆ ಟೂರ್ನಮೆಂಟ್ ಅಂತ, ಆಮೇಲೆ ಇಷ್ಟು ದಿನ ಹೋಗದೇ ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ. ನಾಚಿಕೆ ಇದ್ಯಲ್ಲ, ಅದು ದಿನದಿಂದ ದಿನಕ್ಕೆ ಬಡ್ಡಿ ಸೇರಿಸ್ಕೊಂಡು ಬೆಳೆಯುತ್ತೆ, ನನ್ನ ಹತ್ರ ಬರೋರಲ್ಲಿ ಎಷ್ಟೋ ಜನರ ಕಥೆ ಇದೇ.

ಇವನನ್ನ ಕಲ್ಲುಮನಸ್ಸಿನವನು ಅಂತ ದಯವಿಟ್ಟು ಅಂದ್ಕೋಬೇಡಿ. ಸಾವಾದ್ರೆ ಅಳೋಕೆ ಒಂದು ದಿನ ಅಂತ ಇರುತ್ತೆ, ನಾಲ್ಕು ಜನ ಬಂದು ಜೊತೆಗೆ ಕೂರ್ತಾರೆ. ಮನುಷ್ಯ ಬದುಕಿದ್ದು ಅವನು ಆಡ್ತಿದ್ದ ಆಟ, ಇವರಿಬ್ಬರೂ ಒಟ್ಟಿಗೆ ಕಂಡಿದ್ದ ಕನಸು ಮಾತ್ರ ಹೋದ್ರೆ ಅದಕ್ಕೆ ಯಾವ ಶಾಸ್ತ್ರಾನೂ ಇಲ್ಲ, ಅಳೋಕೂ ಸಂಕೋಚ. ಹಾಗಾಗಿ ಟೀಮಿನ ಹುಡುಗರು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದ್ರು, ಸತ್ತವರಿಗೆ ಮಾಡೋ ಹಾಗೆ ಮೌನ ಆಚರಿಸಿದ್ರು. ಪ್ರೀತಿಯಿಂದಾನೇ ಮಾಡಿದ್ದು ಅದು. ಆದ್ರೂ ನಾನು ಕೇಳಲೇಬೇಕಾಯ್ತು, ಆ ಒಂದು ನಿಮಿಷ ಅವನು ಮನೇಲಿ ಏನ್ ಮಾಡ್ತಿರ್ತಾನೆ ಅಂತ ಯಾರಾದ್ರೂ ಯೋಚಿಸಿದೀರಾ ಅಂತ. ಇವನು ಇಲ್ಲ ಅಂತ ತಲೆಯಾಡಿಸಿದ, ತುಂಬಾ ಹೊತ್ತು ಮಾತಾಡ್ಲಿಲ್ಲ.

ಮೊದಲು ತಪ್ಪಿತಸ್ಥ ಭಾವನೆ ಮೇಲೆ ಕೆಲಸ ಮಾಡಿದ್ವಿ. ಒಂದು ಹಾಳೇಲಿ ದೊಡ್ಡ ವೃತ್ತ ಬರೆಸಿದೆ, ಆ ದಿನ ಆಗಿದ್ದಕ್ಕೆ ಏನೇನು ಕಾರಣ ಅಂತ ಪಾಲು ಹಾಕಿ, ನಿಮ್ಮ ಪಾಲನ್ನ ಕೊನೇಲಿ ಹಾಕಿ ಅಂದೆ. ಹಿಂದಿಂದ ತಳ್ಳಿದ್ದು, ಐಸ್ ಮೇಲಿನ ವೇಗ, ಬಗ್ಗದ ಬೋರ್ಡ್, ತಲೆ ಬಗ್ಗಿಸಿದ್ದು, ಮೂಲೆಗೆ ಅಷ್ಟೊಂದು ಹತ್ರ ಇದ್ದಿದ್ದು ಅಂತ ಒಂದೊಂದೇ ತುಂಬಿಸ್ಕೊಂಡು ಬಂದ, ಕೊನೆಗೆ ಪಾಸ್‌ಗೆ ಉಳಿದಿದ್ದು ಒಂದು ಸಣ್ಣ ಸೀಳು. ಅದನ್ನೂ ಅಳಿಸಿ ಸೊನ್ನೆ ಮಾಡ್ಲಾ ಅಂತ ನನ್ನ ಮುಖ ನೋಡಿದ. ಬೇಡ ಅಂದೆ. ನಿಂದೇನೂ ತಪ್ಪಿಲ್ಲ ಅಂತ ನಾಲ್ಕು ವರ್ಷದಿಂದ ಎಲ್ಲರೂ ಹೇಳ್ತಾನೇ ಇದ್ರು, ಅದು ಇವನೊಳಗೆ ಇಳಿದೇ ಇರಲಿಲ್ಲ, ಯಾಕಂದ್ರೆ ಪಾಸ್ ಹಿಂದಕ್ಕೆ ಬಂದಿದ್ದು ನಿಜ ಅಂತ ಇವನಿಗೆ ಗೊತ್ತು. ಸಾವಿರ ಸಲ ಪಾಸ್ ಹಾಗೆ ಬರುತ್ತೆ, ಸಾವಿರ ಸಲ ಏನೂ ಆಗಲ್ಲ. ಆ ಸೀಳು ಎಷ್ಟಿದೆಯೋ ಅಷ್ಟೇ ಇರ್ಲಿ, ಇಡೀ ವೃತ್ತ ನುಂಗೋದು ಬೇಡ ಅಂತ ಅಲ್ಲಿಗೆ ನಿಲ್ಲಿಸಿದ್ವಿ.

ಎರಡನೇ ವಿಷಯ, ಇವನು ಫೋನಲ್ಲಿ ಕೂಡಿಟ್ಟಿದ್ದ ವಿಡಿಯೋಗಳು. ಹೋದ್ರೆ ಇದನ್ನ ತೋರಿಸಿ ಧೈರ್ಯ ಹೇಳ್ತೀನಿ ಅಂತ ಪ್ಲಾನ್. ಅದರಲ್ಲಿ ಸಂದೀಪ್ ಸಿಂಗ್ ಕಥೆ ಇತ್ತು, ಭಾರತದ ಹಾಕಿ ಆಟಗಾರ, 2006ರ ಆಗಸ್ಟಲ್ಲಿ ವಿಶ್ವಕಪ್‌ಗೆ ಹೊರಡೋಕೆ ಎರಡು ದಿನ ಇರುವಾಗ ರೈಲಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿ ವೀಲ್‌ಚೇರ್ ಹಿಡಿದು, ಮತ್ತೆ ಎದ್ದು ಬಂದು 2009ರಲ್ಲಿ ಟೀಮಿಗೆ ಕ್ಯಾಪ್ಟನ್ ಆದವರು. ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದ್ರೆ ಎಲ್ಲರ ಗಾಯ ಒಂದೇ ಥರ ಇರಲ್ಲ. ಹುರಿಯಲ್ಲಿ ಸ್ವಲ್ಪ ಸಂಪರ್ಕ ಉಳಿದವರಿಗೆ ಶಕ್ತಿ ಮರಳೋ ಸಾಧ್ಯತೆ ಜಾಸ್ತಿ, ಪೂರ್ತಿ ಹೋದವರಿಗೆ ತುಂಬಾ ಕಮ್ಮಿ, ಅದರಲ್ಲಿ ಮನಸ್ಸಿನ ಗಟ್ಟಿತನದ ಪ್ರಶ್ನೆ ಬರೋದೇ ಇಲ್ಲ. ಎದ್ದು ನಡೆದವರ ವಿಡಿಯೋ ತೋರಿಸಿದ್ರೆ ಮಲಗಿರೋನಿಗೆ ಕೇಳಿಸೋದು, ನೀನು ಸಾಕಷ್ಟು ಪ್ರಯತ್ನ ಪಟ್ಟಿಲ್ಲ ಅಂತ. ಈ ಒಂದು ಮಾತು ನಾನು ಕಟುವಾಗೇ ಹೇಳಿದೆ.

ಬದಲಿಗೆ ಟ್ರಾವಿಸ್ ರಾಯ್ ಬಗ್ಗೆ ಹೇಳಿದೆ, ಐಸ್ ಹಾಕಿ ಆಡೋರಿಗೆ ಗೊತ್ತಿರೋ ಹೆಸರೇ. 1995ರ ಅಕ್ಟೋಬರ್ 20, ಬೋಸ್ಟನ್ ಯೂನಿವರ್ಸಿಟಿ ಪರ ಮೊದಲ ಮ್ಯಾಚ್, ಐಸ್‌ಗೆ ಇಳಿದ 11 ಸೆಕೆಂಡಿಗೆ ಬೋರ್ಡ್‌ಗೆ ತಲೆ ಹೊಡೆದು ಕತ್ತಿನ ನಾಲ್ಕನೇ ಮೂಳೆ ಒಡೀತು, ವಯಸ್ಸು 20. ಮುಂದೆ ನಡೆಯೋಕಾಗ್ಲೇ ಇಲ್ಲ. ವಾಪಸ್ ಕಾಲೇಜಿಗೆ ಹೋಗಿ ಡಿಗ್ರಿ ಮುಗಿಸಿದ್ರು, ಬೆನ್ನುಹುರಿ ಗಾಯ ಆದವರಿಗೋಸ್ಕರ ಫೌಂಡೇಶನ್ ನಡೆಸಿದ್ರು, ಊರೂರಲ್ಲಿ ಭಾಷಣ ಮಾಡಿದ್ರು, 2020ರ ಅಕ್ಟೋಬರ್ 29ಕ್ಕೆ ತೀರಿಕೊಂಡಾಗ 45 ವರ್ಷ. ನಿಮಗೆ ಅವರ ಬಗ್ಗೆ ಏನ್ ಗೊತ್ತು ಅಂದ್ರೆ ಇವನು ತಕ್ಷಣ ಹೇಳಿದ್ದು 11 ಸೆಕೆಂಡ್. ಉಳಿದ 25 ವರ್ಷ? ಗೊತ್ತಿಲ್ಲ. ನಿಮ್ಮ ಗೆಳೆಯನ ಈ ನಾಲ್ಕು ವರ್ಷದ ಬಗ್ಗೆ ಏನ್ ಗೊತ್ತು ಅಂದೆ. ಕಣ್ಣಲ್ಲಿ ನೀರು ಬಂತು.

ಮೊದಲು ಒಂದು ಮೆಸೇಜ್ ಬರೆಯೋಕೆ ಹೇಳಿದೆ. ಏಳೆಂಟು ಸಲ ಬರೆದು ಅಳಿಸಿ ಕೊನೆಗೆ ಉಳಿದಿದ್ದು ಇಷ್ಟು: "ನಾಲ್ಕು ವರ್ಷ ಬರ್ಲಿಲ್ಲ, ಹೆದರಿದ್ದೆ. ನೋಡ್ಬೇಕು ಅನ್ಸ್ತಿದೆ. ನೀನು ಬೇಡ ಅಂದ್ರೂ ಸರಿ." ಕಾರಣ ಗೀರಣ ಏನೂ ಇಲ್ಲ. ಮೂರು ದಿನ ಉತ್ತರ ಇಲ್ಲ, ಆ ಮೂರು ದಿನ ಇವನು ಹೇಗೆ ಕಳೆದ ಅಂತ ನನಗೆ ಗೊತ್ತು. ನಾಲ್ಕನೇ ದಿನ "ಭಾನುವಾರ ಬಾ" ಅಂತ ಬಂತು.

ಹೋಗೋ ಮುಂಚೆ ಕೆಲವು ಮಾತು ಹೇಳಿ ಕಳಿಸಿದ್ದೆ, ಇಂಥ ಮನೆಗೆ ಹೋಗೋರು ಯಾರಿಗಾದ್ರೂ ಉಪಯೋಗ ಆಗ್ಬಹುದು. ನಿಂತ್ಕೊಂಡು ಮಾತಾಡ್ಬೇಡಿ, ಕೂತು ಅವನ ಕಣ್ಣಿನ ಮಟ್ಟಕ್ಕೆ ಬನ್ನಿ. ವೀಲ್‌ಚೇರ್ ಮೇಲೆ ಕೈ ಊರಬೇಡಿ, ಅದು ಅವನ ಮೈ ಇದ್ದ ಹಾಗೆ. ಅವನ ವಿಷಯ ಅವನನ್ನೇ ಕೇಳಿ, ಅಮ್ಮನ ಕಡೆ ತಿರುಗಿ "ಇವನು ಊಟ ಮಾಡ್ತಾನಾ" ಅಂತ ಕೇಳ್ಬೇಡಿ. ಕಾಲು ತಾನಾಗೇ ಅದುರಿದ್ರೆ ಗಾಬರಿಯಾಗ್ಬೇಡಿ, ಶಕ್ತಿ ಬಂತು ಅಂತ ಖುಷಿಪಡ್ಲೂ ಬೇಡಿ, ಅದು ಸ್ಪಾಸಮ್, ಅಂದ್ರೆ ಸ್ನಾಯು ತಾನಾಗೇ ಬಿಗಿಯಾಗಿ ಎಳೆಯೋದು. ಇದ್ದಕ್ಕಿದ್ದಂಗೆ ಮುಖ ಕೆಂಪಾಗಿ ಬೆವರು ಬಂದು ತಲೆ ಸಿಡೀತಿದೆ ಅಂದ್ರೆ ಮಾತ್ರ ತಕ್ಷಣ ಮನೆಯವರನ್ನ ಕರೀರಿ, ನೆಟ್ಟಗೆ ಕೂರಿಸ್ಬೇಕು, ಬಿಗಿ ಬಟ್ಟೆ ಸಡಿಲಿಸ್ಬೇಕು, ಮೂತ್ರ ಹೋಗೋಕೆ ಹಾಕಿರೋ ಕ್ಯಾತಿಟರ್ ಪೈಪ್ ಮಡಚಿದೆಯಾ ನೋಡ್ಬೇಕು, ಅದು ಬಿಪಿ ಏರಿ ಜೀವಕ್ಕೇ ಅಪಾಯ ಆಗೋ ಸ್ಥಿತಿ, ಕಮ್ಮಿಯಾಗದೇ ಇದ್ರೆ ಆಸ್ಪತ್ರೆಗೇ. ಮೊದಲ ಸಲ ಅರ್ಧ ಗಂಟೆ ಸಾಕು, ಆದ್ರೆ ಎದ್ದು ಬರೋ ಮುಂಚೆ ಮುಂದಿನ ಸಲ ಯಾವಾಗ ಅಂತ ಹೇಳಿ ಬನ್ನಿ, ಹೇಳಿದ ದಿನ ಹೋಗಿ.

ಭಾನುವಾರ ಬಾಗಿಲಲ್ಲೇ ಅಭ್ಯಾಸಬಲದಿಂದ ಕೈ ಚಾಚಿಬಿಟ್ಟನಂತೆ, ಗೆಳೆಯ ಮಣಿಕಟ್ಟಿನ ಹಿಂಭಾಗ ತಂದು ಇವನ ಮುಷ್ಟಿಗೆ ತಾಗಿಸಿದ, ಪ್ರತಿದಿನ ಮಾಡೋ ಥರ. ಇಪ್ಪತ್ತು ನಿಮಿಷ ಆದ್ಮೇಲೆ ಮಾತಿನ ಮಧ್ಯೆನೇ ಗೆಳೆಯನ ಕುರ್ಚಿ ನಿಧಾನಕ್ಕೆ ಹಿಂದಕ್ಕೆ ವಾಲಿತು, ಸುಸ್ತಾಯ್ತೇನೋ ಅಂತ ಇವನು ಹೊರಡೋಕೆ ಎದ್ದ. "ಲೋ ಕೂತ್ಕೊಳೋ, ಇದು ಒಂದೇ ಕಡೆ ಭಾರ ಒತ್ತಿ ಗಾಯ ಆಗದೇ ಇರ್ಲಿ ಅಂತ, ಅರ್ಧ ಗಂಟೆಗೊಂದ್ಸಲ ಮಾಡ್ತೀನಿ" ಅಂದನಂತೆ ಅವನು, ಮಲಗಿದ ಭಂಗಿಯಲ್ಲೇ ಸೂರು ನೋಡ್ತಾ ಮಾತು ಮುಂದುವರಿಸಿದ. ಬೆರಳಿಗೆ ಪಟ್ಟಿ ಕಟ್ಟಿ ಅದಕ್ಕೆ ಸಿಗಿಸಿದ ಕಡ್ಡೀಲಿ ಟ್ಯಾಬ್ಲೆಟ್ ಒತ್ತಿ ಈ ಸೀಸನ್ನಿನ ಮ್ಯಾಚ್‌ಗಳನ್ನ ತೆಗೆದು ತೋರಿಸಿದ. ಎಲ್ಲಾ ನೋಡಿದಾನೆ, ಒಂದೂ ಬಿಟ್ಟಿಲ್ಲ. ನೀನು ಈಗ್ಲೂ ಎಡಗಡೆ ನೋಡದೇ ಪಾಸ್ ಕೊಡ್ತೀಯಾ ಅಂದ.

ಆಗ ಇವನು ಕೇಳಿಬಿಟ್ಟ, ಆ ದಿನದ ಪಾಸ್? ಗೆಳೆಯ ಸ್ವಲ್ಪ ಹೊತ್ತು ಬಿಟ್ಟು "ಹಿಂದಕ್ಕೆ ಬಂತು ಕಣೋ. ನಾನೂ ತಲೆ ಎತ್ತಿರ್ಬೇಕಿತ್ತು" ಅಂದ. ಆಮೇಲೆ "ಅದಕ್ಕೆ ನಿನ್ ಮೇಲೆ ಯಾವತ್ತೂ ಕೋಪ ಬಂದಿಲ್ಲ. ಬರದೇ ಇದ್ದಿದ್ದಕ್ಕೆ ಬಂದಿದೆ, ಈಗ್ಲೂ ಇದೆ" ಅಂದ. ನನ್ನ ಮುಂದೆ ಇದನ್ನ ಹೇಳುವಾಗ ಇವನು ಬಿಕ್ಕಿಬಿಕ್ಕಿ ಅತ್ತ, ಆದ್ರೆ ಕುರ್ಚಿಗೆ ಒರಗಿ ಕೂತಿದ್ದ, ಮೊದಲ ಸಲ.

ಕೋಪ ಇದೆ ಅಂದ್ರಲ್ಲ, ಅದನ್ನ ಕಮ್ಮಿ ಮಾಡೋಕೆ ಹೋಗ್ಬೇಡಿ, ಅದು ಅವರ ಹಕ್ಕು, ನೀವು ಹೇಳಿದ ದಿನ ಹೋಗ್ತಿರಿ ಅಂದೆ. ಮೌನಾಚರಣೆ ವಿಷಯಾನೂ ಅವನನ್ನೇ ಕೇಳಿ, ಟೀಮಲ್ಲಿ ನೀವೇ ತೀರ್ಮಾನ ಮಾಡ್ಬೇಡಿ ಅಂದೆ. ಕೇಳಿದಾಗ ಅವನು ಅಂದಿದ್ದು, ಜೆರ್ಸಿ ಯಾವನಾದ್ರೂ ಹಾಕ್ಕೊಂಡು ಆಡ್ಲಿ, ಅದನ್ನ ಸುಮ್ನೆ ಹಿಡ್ಕೊಂಡು ನಿಲ್ಲೋದು ನೋಡೋಕಾಗಲ್ಲ. ಟೀಮ್ ಇನ್ನೂ ಒಪ್ಪಿಲ್ಲ, ಚರ್ಚೆ ನಡೀತಿದೆ.

ಈಗ ಇವನು ನನ್ನ ಹತ್ರ ತಿಂಗಳಿಗೊಂದ್ಸಲ ಬರ್ತಾನೆ. ನಿದ್ದೆ ಸುಮಾರಾಗಿ ಬರ್ತಿದೆ, ಆ ಮೂಲೆ ಹತ್ರ ಹೋದಾಗ ಈಗ್ಲೂ ಕೈ ತಣ್ಣಗಾಗುತ್ತೆ ಅಂತಾನೆ. ಭಾನುವಾರ ಮಾತ್ರ ಅಪಾಯಿಂಟ್‌ಮೆಂಟ್ ಬೇಡ ಮೇಡಂ, ಅವತ್ತು ಅವನು ಕಾಯ್ತಿರ್ತಾನೆ ಅಂತ ಮೊದಲೇ ಹೇಳಿಟ್ಟಿದಾನೆ.