ಕಡ್ಡಿ ಗೀರುವುದು ಮನುಷ್ಯ, ಹವಾಮಾನದ ಪಾಲೇನು?

"ಬಂಡೀಪುರದಲ್ಲಿ ಬೆಂಕಿ ಹಚ್ಚುವುದು ಜನರೇ, ಸುಮ್ನೆ ಹವಾಮಾನ ಬದಲಾವಣೆಯನ್ನು ಯಾಕೆ ದೂರುತ್ತೀರಿ?" ಅಂತ ಕೇಳಿದ್ದೀರಿ. ಅರ್ಧ ಸರಿ. ನಮ್ಮ ಕಾಡುಗಳಲ್ಲಿ ಬಹುಪಾಲು ಬೆಂಕಿ ಮನುಷ್ಯರದ್ದೇ. ಆದರೆ ಕಿಡಿ ಅಲ್ಲೇ ನಂದುತ್ತದೋ, ಗುಡ್ಡ ಹತ್ತುತ್ತದೋ ಅನ್ನುವುದು ತರಗೆಲೆ ಎಷ್ಟು ಒಣಗಿದೆ ಅನ್ನುವುದರ ಮೇಲಿದೆ, ಅಲ್ವಾ?

ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಮಳೆ ಇಲ್ಲದಾಗ ಅದನ್ನು ಎಲೆ, ಹುಲ್ಲು, ಮಣ್ಣಿನಿಂದಲೇ ಹೀರುತ್ತದೆ. ಫೆಬ್ರವರಿಯಲ್ಲಿ ಆ ಕಡೆಯ ತೇಗದ ಎಲೆಯನ್ನು ಹಿಸುಕಿ ನೋಡಿ, ಸುಟ್ಟ ಹಪ್ಪಳದ ಹಾಗೆ ಪುಡಿಯಾಗುತ್ತದೆ.

2019ರಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಲಂಟಾನ ಅನ್ನುವ ಕಳೆಪೊದೆಯೂ ಜೊತೆಗಿತ್ತು. ನೆಲದ ಬೆಂಕಿ ಮರ ಹತ್ತಲು ಏಣಿ ಅದು. ಅದನ್ನು ಪೂರ್ತಿ ಹವಾಮಾನದ ತಲೆಗೆ ಕಟ್ಟಲಾಗದು ಬಿಡಿ, ಬ್ರಿಟಿಷರ ಕಾಲದಲ್ಲೇ ಬಂದ ಗಿಡ.