ಡಿಸ್ಚಾರ್ಜ್ ಆದ ಮೇಲೆ ವಿಚಾರಿಸುವವರು ಯಾರು?

ಮೇಷ್ಟ್ರೇ, ನಮಸ್ಕಾರ.

ಹೆಸರು, ಶಾಲೆ ಎರಡೂ ಹಾಕಬೇಡಿ ಅಂದಿದ್ದೀರಿ. ಹಾಕಿಲ್ಲ. ತುಮಕೂರು ಜಿಲ್ಲೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು ಅಂತಷ್ಟೇ ಇರಲಿ. ಪತ್ರ ಉದ್ದ ಇದೆ, ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಹಾಗಾಗಿ ಉಳಿದ ಓದುಗರಿಗೆ ಸಾರ ಹೇಳಿಬಿಡುತ್ತೇನೆ.

2021ರ ಮೇ ತಿಂಗಳಲ್ಲಿ ನಿಮಗೆ ಕೋವಿಡ್ ಬಂತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ಸ್ಟೀರಾಯ್ಡ್ ಕೊಟ್ಟು ಉಳಿಸಿದರು. ಮನೆಗೆ ಬಂದ ದಿನ ಬೀದಿಯವರು ಚಪ್ಪಾಳೆ ತಟ್ಟಿದರು. ಆದರೆ ಸುಸ್ತು ಹೋಗಲೇ ಇಲ್ಲ. ಬೋರ್ಡ್ ಮುಂದೆ ಹತ್ತು ನಿಮಿಷ ನಿಂತರೆ ಎದೆ ಡವಡವ, ಕಣ್ಣು ಕತ್ತಲೆ. ವರ್ಷವಿಡೀ ಪಾಠ ಕೇಳಿದ ಮಕ್ಕಳ ಹೆಸರೇ ಬಾಯಿಗೆ ಬರುವುದಿಲ್ಲ. ಇಸಿಜಿ, ಎಕೋ, ಎಂಆರ್‌ಐ ಎಲ್ಲ ಆಯಿತು. ಎಲ್ಲ ಕಡೆಯೂ ‘ರಿಪೋರ್ಟ್ ನಾರ್ಮಲ್’. ಕೊನೆಗೆ ಒಬ್ಬ ಡಾಕ್ಟರು ‘ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ’ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ನಿಮ್ಮ ಪ್ರಶ್ನೆ ಎರಡು. ಇದು ಕೋವಿಡ್‌ನಿಂದಲೇ ಬಂದದ್ದಾ, ಇಲ್ಲಾ ನನ್ನ ಭ್ರಮೆಯಾ? ಆಸ್ಪತ್ರೆಯಿಂದ ಬಂದ ಮೇಲೆ ಒಬ್ಬರೂ ಯಾಕೆ ವಿಚಾರಿಸಲಿಲ್ಲ?

ಮೊದಲನೆಯದಕ್ಕೆ ಪೂರ್ತಿ ಉತ್ತರ ಕೊಡಬೇಕಾದವರು ನಿಮ್ಮ ಕೈ ಹಿಡಿದು ನಾಡಿ ನೋಡುವ ಡಾಕ್ಟರು. ನಾನು ಪತ್ರಿಕೆಯವನು. ಆದರೆ ‘ಇಂಥದ್ದೊಂದು ಕಾಯಿಲೆಯೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲೇ, ಜನ ‘ಲಾಂಗ್ ಕೋವಿಡ್’ ಎನ್ನುವ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದೆ. ಸೋಂಕು ಶುರುವಾಗಿ ಸಾಮಾನ್ಯವಾಗಿ 3 ತಿಂಗಳಾದ ಮೇಲೂ ಕಾಣುವ, ಕನಿಷ್ಠ 2 ತಿಂಗಳು ಬಿಡದ, ಬೇರೆ ಕಾಯಿಲೆಯ ಲೆಕ್ಕಕ್ಕೆ ಸಿಗದ ತೊಂದರೆ. ಸುಸ್ತು, ಉಸಿರು ಕಟ್ಟುವುದು, ಮರೆವು, ಈ ಮೂರೂ ಅದರಲ್ಲಿವೆ. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ‘ಯು09.9’ ಎಂಬ ಸಂಕೇತವೂ ಇದೆ. ಡಾಕ್ಟರು ಚೀಟಿಯಲ್ಲಿ ಅದನ್ನು ಬರೆಯಬಹುದು. ರಜೆಗೋ ವಿಮೆಗೋ ಕಾಗದ ಬೇಕಾದಾಗ ‘ಜನರಲ್ ವೀಕ್‌ನೆಸ್’ ಎಂಬುದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೂ ದೊಡ್ಡ ಆಸ್ಪತ್ರೆಗಳಲ್ಲ, ರೋಗಿಗಳು. ‘ಲಾಂಗ್ ಕೋವಿಡ್’ ಎಂಬ ಹೆಸರನ್ನು 2020ರ ಮೇ ತಿಂಗಳಲ್ಲಿ ಟ್ವಿಟರ್‌ನಲ್ಲಿ ಮೊದಲು ಬಳಸಿದ್ದು ಎಲಿಸಾ ಪೆರೆಗೋ ಎಂಬ ಪುರಾತತ್ವ ಸಂಶೋಧಕಿ. ಅವರಿಗೂ ಕೋವಿಡ್ ಬಂದು ವಾಸಿಯಾಗಿರಲಿಲ್ಲ. ರೋಗಿಗಳೇ ಸೇರಿ ಪ್ರಶ್ನಾವಳಿ ಮಾಡಿ 56 ದೇಶಗಳ 3,762 ಜನರನ್ನು ವಿಚಾರಿಸಿದರು. ಅದು 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ‘ರಿಪೋರ್ಟ್ ನಾರ್ಮಲ್’ ಎಂದು ಮನೆಗೆ ಕಳಿಸಿಕೊಂಡವರು ನೀವೊಬ್ಬರೇ ಅಲ್ಲ.

ಈಗ ಎರಡನೇ ಪ್ರಶ್ನೆ. ನನಗೆ ಸಿಟ್ಟು ಬರುವುದು ಇಲ್ಲೇ.

ಯಾರಿಗೂ ಹೊಳೆದಿರಲಿಲ್ಲ ಅಂದುಕೊಳ್ಳಬೇಡಿ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್ 13ರಂದೇ ಕೋವಿಡ್ ನಂತರದ ಆರೈಕೆಗೆ ಸೂಚನೆ ಹೊರಡಿಸಿತ್ತು. ಡಿಸ್ಚಾರ್ಜ್ ಆದ 7 ದಿನದೊಳಗೆ ರೋಗಿಯನ್ನು ಮತ್ತೆ ನೋಡಬೇಕು, ಆದಷ್ಟೂ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ, ಫೋನಿನಲ್ಲಿ ಮಾತಾಡಿದರೂ ಆದೀತು ಎಂದು ಅದರಲ್ಲಿತ್ತು. ನಿಮಗೆ ಕಾಯಿಲೆ ಬರುವುದಕ್ಕೆ ಎಂಟು ತಿಂಗಳು ಮೊದಲಿನ ಮಾತಿದು. ಅದೇ ಸೂಚನೆಯಲ್ಲಿ ಬೆಳಿಗ್ಗೆ ಒಂದು ಚಮಚ ಚ್ಯವನಪ್ರಾಶ ಅಂತಲೂ ಇತ್ತು. ಚ್ಯವನಪ್ರಾಶ ಊರೂರಿಗೆ ಮುಟ್ಟಿತು, ಫೋನ್ ಮಾತ್ರ ಬರಲಿಲ್ಲ.

ಐಸೋಲೇಶನ್ ಇದ್ದಷ್ಟು ದಿನ ಫೋನುಗಳಿಗೆ ಬರ ಇರಲಿಲ್ಲ, ನೆನಪಿದೆಯಲ್ಲ? ಎಸ್‌ಆರ್‌ಎಫ್ ಐಡಿ (ಕೋವಿಡ್ ಟೆಸ್ಟಿನ ನಂಬರು) ಹೇಳಿ, ಜ್ವರ ಇದೆಯಾ, ಆಕ್ಸಿಜನ್ ಎಷ್ಟು, ಮನೆಯಲ್ಲಿ ಎಷ್ಟು ಜನ? ಆಶಾ ಕಾರ್ಯಕರ್ತೆ ಗೇಟಿನ ಹೊರಗೆ ನಿಂತು ಕೇಳುತ್ತಿದ್ದರು. ದಿನ ಮುಗಿದದ್ದೇ ಎಲ್ಲ ನಿಂತಿತು. ಯಾಕೆಂದರೆ ಆ ವಿಚಾರಣೆ ಇದ್ದದ್ದು ನಿಮ್ಮಿಂದ ಬೇರೆಯವರಿಗೆ ಅಂಟದಿರಲಿ ಅಂತ. ಅಂಟುವುದು ನಿಂತ ಮೇಲೆ ನೀವು ಯಾರ ರಿಜಿಸ್ಟರಿನಲ್ಲೂ ಇರಲಿಲ್ಲ. ಒಂದು ಕಾಗದ ಕೈಗೆ ಕೊಟ್ಟು, ‘ತೊಂದರೆ ಆದ್ರೆ ಬನ್ನಿ’ ಎಂದು, ಮುಂದಿನದ್ದೆಲ್ಲ ನಿಮ್ಮ ತಲೆಗೇ ಕಟ್ಟಿದರು. ನಡೆಯಲಾಗದವನೇ ಬಸ್ ಹತ್ತಿ ಬಂದು ‘ನನಗೆ ನಡೆಯೋಕ್ಕಾಗಲ್ಲ’ ಎಂದು ಸಾಬೀತು ಮಾಡಬೇಕು. ಇದೆಂಥ ನ್ಯಾಯ?

ನಮಗೆ ಇದೆಲ್ಲ ಮಾಡಲು ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಕ್ಷಯಕ್ಕೆ ಮಾಡುತ್ತೇವಲ್ಲ! ಟಿಬಿ ರೋಗಿಯ ಹೆಸರು ಸರ್ಕಾರದ ನಿಕ್ಷಯ್ ಪೋರ್ಟಲ್‌ಗೆ ಏರುತ್ತದೆ. ಮಾತ್ರೆ ತಪ್ಪಿಸಿದರೆ ಮನೆ ಬಾಗಿಲಿಗೆ ಬರುತ್ತಾರೆ. ಮಾತ್ರೆ ಮುಗಿದ ಮೇಲೂ 6, 12, 18, 24ನೇ ತಿಂಗಳಲ್ಲಿ ನೋಡಬೇಕು ಎಂಬ ನಿಯಮ ಇದೆ. ಎಲ್ಲ ಕಡೆ ಚಾಚೂ ತಪ್ಪದೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅದು ಯಾರದೋ ಒಬ್ಬರ ಕೆಲಸ ಅಂತ ಬರೆದಿಟ್ಟಿದೆ. ಕೋವಿಡ್‌ನಲ್ಲಿ ಅದು ಯಾರ ಕೆಲಸವೂ ಆಗಿರಲಿಲ್ಲ.

ಫೋನ್ ಮಾಡಿದ್ದರೆ ಏನು ಗೊತ್ತಾಗುತ್ತಿತ್ತು ಎಂದು ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಂದು ಅಧ್ಯಯನದಲ್ಲಿ ಹಾಗೇ ಮಾಡಿತು. 31 ಆಸ್ಪತ್ರೆಗಳಿಂದ ಮನೆಗೆ ಹೋದ 14,419 ಜನರ ವಿಷಯವನ್ನು ಒಂದು ವರ್ಷದವರೆಗೆ ಫೋನ್ ಮೂಲಕ ವಿಚಾರಿಸಿದರು. ಶೇ 6.5ರಷ್ಟು ಜನ ಆ ವರ್ಷದೊಳಗೆ ತೀರಿಕೊಂಡಿದ್ದರು. ವಯಸ್ಸಾದವರು, ಮೊದಲೇ ಬೇರೆ ಕಾಯಿಲೆ ಇದ್ದವರು ಜಾಸ್ತಿ. ‘ಗುಣಮುಖ’ರ ಪಟ್ಟಿಗೆ ಸೇರಿದ್ದ ಜನ ಅವರು.

ನಿಮ್ಮ ವಿಷಯಕ್ಕೆ ಬರೋಣ. ಪತ್ರದಲ್ಲಿ ಒಂದು ಸಾಲು ಬರೆದಿದ್ದೀರಿ: ‘ಕೂತರೆ ಪರವಾಗಿಲ್ಲ, ನಿಂತರೆ ಆಗುವುದಿಲ್ಲ.’ ಇದನ್ನು ನಾನು ಮತ್ತೆ ಮತ್ತೆ ಓದಿದೆ. ಇಸಿಜಿ ಮಾಡಿದ್ದು ಮಲಗಿಸಿ. ಎಕೋ ಮಾಡಿದ್ದು ಮಲಗಿಸಿ. ಎಂಆರ್‌ಐ ಅಂತೂ ಸಾಮಾನ್ಯವಾಗಿ ಮಾಡುವುದೇ ಮಲಗಿಸಿ. ತೊಂದರೆ ಬರುವುದು ನಿಂತಾಗ, ಪರೀಕ್ಷೆಯೆಲ್ಲ ಮಲಗಿದಾಗ. ಮತ್ತೆ ನಾರ್ಮಲ್ ಅಲ್ಲದೆ ಇನ್ನೇನು ಬರಬೇಕು?

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಈ ಸಾಲನ್ನೇ ಮೊದಲು ಹೇಳಿ. ನಿಲ್ಲಿಸಿ ನಾಡಿ ನೋಡಿ ಎಂದು ಕೇಳಿ. ಹತ್ತು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡುತ್ತಾರೆ. ಆಮೇಲೆ ನಿಲ್ಲಿಸಿ, ಹತ್ತು ನಿಮಿಷ ಆಗಾಗ ನೋಡುತ್ತಾ ಹೋಗುತ್ತಾರೆ. ಬಿಪಿ ಇಳಿಯದೆ, ನಾಡಿ ಮಾತ್ರ ನಿಮಿಷಕ್ಕೆ 30 ಅಥವಾ ಅದಕ್ಕೂ ಜಾಸ್ತಿ ಏರಿ ಅಲ್ಲೇ ನಿಂತರೆ ಅದಕ್ಕೆ ‘ಪಾಟ್ಸ್’ ಎನ್ನುತ್ತಾರೆ. ಕೋವಿಡ್ ಆದ ಮೇಲೆ ಹಲವರಲ್ಲಿ ಇದು ಕಂಡಿದೆ, ಚಿಕಿತ್ಸೆಯೂ ಇದೆ. ನಿಮಗೆ ಅದೇ ಇದೆ ಎಂದಲ್ಲ. ನೋಡಿಯೇ ಇಲ್ಲ ಎಂಬುದು ನನ್ನ ತಕರಾರು. ಇನ್ನೊಂದು, ಆರು ನಿಮಿಷದ ನಡಿಗೆ ಪರೀಕ್ಷೆ. ಸುಮಾರು 30 ಮೀಟರಿನ ವರಾಂಡದಲ್ಲಿ ಹೋಗಿ ಬಂದು ಮಾಡಬೇಕು, ಬೆರಳಿಗೆ ಆಕ್ಸಿಮೀಟರ್ ಹಾಕಬೇಕು. ಆಕ್ಸಿಜನ್ ಪ್ರಮಾಣ ಕೂತಾಗ 97 ಇದ್ದದ್ದು ನಡೆದ ಮೇಲೆ 92ಕ್ಕೆ ಇಳಿದರೆ ಶ್ವಾಸಕೋಶವನ್ನು ಇನ್ನೂ ನೋಡಬೇಕು ಅಂತ ಅರ್ಥ. ಎರಡಕ್ಕೂ ದೊಡ್ಡ ಮಶೀನು ಬೇಡ. 2021ರಲ್ಲಿ ತಂದ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾದಲ್ಲಿ ಇನ್ನೂ ಬಿದ್ದಿದೆ. ಹಾಗಂತ ಒಬ್ಬರೇ ಮನೆಯಲ್ಲಿ ನಿಂತು ನೋಡಲು ಹೋಗಬೇಡಿ, ತಲೆ ಸುತ್ತಿ ಬಿದ್ದೀರಿ.

ಸ್ಟೀರಾಯ್ಡ್ ತಗೊಂಡವರು ಎಂಬ ಕಾರಣಕ್ಕೆ ಇನ್ನೆರಡು ಮಾತು. ಶುಗರ್ ನೋಡಿಸಿದ್ದೀರಾ? ಬರೀ ಬೆಳಗಿನ ಶುಗರ್ ಅಲ್ಲ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಇವುಗಳಲ್ಲಿ ಏರುಪೇರಾದರೂ ಸುಸ್ತಾಗುತ್ತದೆ, ಇವಕ್ಕೆ ಔಷಧಿ ಸುಲಭ. ಆಮೇಲೆ, ಎಡಗಡೆ ತೊಡೆಸಂದು ನೋಯುತ್ತದೆ, ವಯಸ್ಸಾಯಿತೇನೋ ಎಂದು ಕೊನೆಯಲ್ಲಿ ಸುಮ್ನೆ ಬರೆದಿದ್ದೀರಿ. ಅದನ್ನು ಸುಮ್ನೆ ಬಿಡಬೇಡಿ. ಸ್ಟೀರಾಯ್ಡ್ ತಗೊಂಡ ಕೆಲವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ಕಮ್ಮಿಯಾಗಿ ಮೂಳೆ ಜೀವ ಕಳೆದುಕೊಳ್ಳುತ್ತದೆ. ಕೋವಿಡ್ ಆದವರಲ್ಲಿ ಇದನ್ನು ಮುಂಬೈ ಡಾಕ್ಟರುಗಳು 2021ರಲ್ಲೇ ವರದಿ ಮಾಡಿದ್ದರು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು, ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ಮೂಳೆ ಡಾಕ್ಟರಿಗೆ ‘ನನಗೆ ಸ್ಟೀರಾಯ್ಡ್ ಕೊಟ್ಟಿದ್ದರು’ ಎಂದು ನೀವೇ ಹೇಳಬೇಕು. ಅವರಿಗೆ ಹೇಗೆ ಗೊತ್ತಾಗಬೇಕು?

ಹಾಸನದ ಸುದ್ದಿ ಕೇಳಿದ ಮೇಲೆ ರಾತ್ರಿ ಎದೆ ಮೇಲೆ ಕೈ ಇಟ್ಟುಕೊಂಡು ಮಲಗುತ್ತೇನೆ ಎಂದಿದ್ದೀರಿ. 2025ರಲ್ಲಿ ಅಲ್ಲಿನ ಹೃದಯಾಘಾತದ ಸಾವುಗಳ ನಂತರ ಕೋವಿಡ್, ಲಸಿಕೆ ಎಂದು ಮೊಬೈಲ್ ತುಂಬ ಹರಿದಾಡಿತು. ಸರ್ಕಾರದ ತಜ್ಞರ ಸಮಿತಿಗೆ ಆ ಎರಡಕ್ಕೂ ನೇರ ನಂಟು ಕಾಣಲಿಲ್ಲ. ಐಸಿಎಂಆರ್‌ನ 2023ರ ಅಧ್ಯಯನ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದಿತು. ಆದರೆ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಅಂಥ ಸಾವು ಕಂಡವರಲ್ಲಿ, ವಿಪರೀತ ಕುಡಿದವರಲ್ಲಿ ಅಪಾಯ ಜಾಸ್ತಿ ಕಂಡಿತು. ಹೆದರಿ ಎಂದು ಹೇಳುತ್ತಿಲ್ಲ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ ಎನ್ನುತ್ತಿದ್ದೇನೆ. ಡಾಕ್ಟರು ವಿಚಾರಿಸದ ಕಡೆ ವಾಟ್ಸಾಪ್ ಬಂದು ವಿಚಾರಿಸುತ್ತದೆ, ಅಷ್ಟೇ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ, ಒಂದೇ ಕಾಲು ಊದಿಕೊಂಡರೆ ಮಾತ್ರ ಪತ್ರಿಕೆ ಓದುತ್ತಾ ಕೂರಬೇಡಿ. ಆ ದಿನವೇ ಆಸ್ಪತ್ರೆಗೆ ಹೋಗಿ.

‘ದಿನಾ ವಾಕಿಂಗ್ ಮಾಡಿ, ಸರಿಹೋಗುತ್ತೆ’ ಎಂಬ ಸಲಹೆ ನಿಮಗೂ ಸಿಕ್ಕಿದೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಒಂದು ದಿನ ಜಾಸ್ತಿ ಓಡಾಡಿದರೆ ಮಾರನೇ ದಿನ ಹಾಸಿಗೆ ಹಿಡಿಯುವವರು, ಆಗುವಷ್ಟೇ ಮಾಡಿ, ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಪತ್ರವನ್ನೇ ಮೂರು ದಿನ ಕೂತು ಬರೆದೆ ಅಂದಿದ್ದೀರಲ್ಲ, ಯಾರೂ ಹೇಳಿಕೊಡದೆ ನೀವು ಅದನ್ನು ಕಲಿತಿದ್ದೀರಿ. ಕ್ಲಾಸಿನಲ್ಲೂ ಹಾಗೇ ಮಾಡಿ, ಕುರ್ಚಿ ಹಾಕಿಕೊಳ್ಳಿ. ಹೆಡ್‌ಮಾಸ್ಟರ್ ಒಪ್ಪುವುದಿಲ್ಲ ಎಂದರೆ ಡಾಕ್ಟರ ಚೀಟಿ ತೋರಿಸಿ. ಡಾಕ್ಟರುಗಳನ್ನು ಬದಲಾಯಿಸುತ್ತಾ ಹೋಗುವುದನ್ನೂ ನಿಲ್ಲಿಸಿ. ಪೂರ್ತಿ ಕಥೆ ಕೇಳುವ ತಾಳ್ಮೆ ಇರುವ ಒಬ್ಬ ಫಿಜಿಶಿಯನ್ ಹಿಡಿದುಕೊಂಡು, ಡಿಸ್ಚಾರ್ಜ್ ಸಮ್ಮರಿಯಿಂದ ಹಿಡಿದು ಎಲ್ಲ ಕಾಗದ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಹಾಕಿಕೊಂಡು ಹೋಗಿ.

ಉಳಿದ ಓದುಗರಲ್ಲೂ ಒಂದು ಕೇಳಿಕೆ. ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮನ್ನು ಯಾರು, ಎಷ್ಟು ಸಲ ವಿಚಾರಿಸಿದರು ಎಂದು ಬರೆದು ಕಳಿಸಿ. ತಪ್ಪದೆ ಫೋನ್ ಮಾಡಿದ ಡಾಕ್ಟರು, ನರ್ಸಮ್ಮ, ಆಶಾ ಕಾರ್ಯಕರ್ತೆ ಇದ್ದರೆ ಅದನ್ನೂ ಬರೆಯಿರಿ, ಅವರು ಹೇಗೆ ಮಾಡಿದರು ಎಂಬುದು ನಮಗೆ ಬೇಕು. ಹೆಸರು ಬೇಡ ಎಂದರೆ ಹಾಕುವುದಿಲ್ಲ.

– ಸಂ.